ಗೊರಬು ಹಿಡಿದ ಕೈ

ಮದುವೆ ಕಾರ್ಡಿಗೆ ಚಿತ್ರ ಬೇಕೆಂದು ಮಾದೇವಮ್ಮ ಬಂದಾಗ ನಾನು ಮೊದಲು ಗದರಿಸಿಯೇಬಿಟ್ಟೆ. ಸಕಲೇಶಪುರದಲ್ಲಿ ಬಣ್ಣಬಣ್ಣದ ಕಾರ್ಡು ಮಾಡಿಕೊಡುವವರು ಬೀದಿಗೊಬ್ಬರಿದ್ದಾರೆ. ನನ್ನದೋ, ನನ್ನ ತಂದೆ, ಅಬ್ಬಾ, ಬಿಟ್ಟುಹೋದ ಅಚ್ಚಿನ ಟ್ರೆಡಲ್ ಮೆಷಿನ್ನು; ಕಾಲಲ್ಲಿ ತುಳಿದರೆ ಓಡುತ್ತದೆ, ಅದಕ್ಕೆ ಮನಸ್ಸಿದ್ದರೆ. ಎಸ್ಟೇಟುಗಳ ತೂಕದ ಚೀಟಿ, ಬಿಲ್ ಪುಸ್ತಕ ಅಚ್ಚು ಹಾಕಿಕೊಂಡು ನನ್ನ ಪಾಡಿಗೆ ನಾನಿದ್ದೇನೆ.

ಅವಳು ಹೋಗಲಿಲ್ಲ. ಹಾನುಬಾಳಿನ ಕಡೆ ಎಸ್ಟೇಟಿನ ಕೂಲಿ ಲೈನಿನಲ್ಲಿರುವ ಹೆಂಗಸು. ಸೆರಗಿನ ಗಂಟಿನಿಂದ ಒಂದು ತೂಕದ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಅದರ ತಲೆಯ ಮೇಲೆ ನಾನೇ ಕೆತ್ತಿದ ಕಾಫಿ ಹಣ್ಣಿನ ಗೊಂಚಲಿತ್ತು.

“ತಾಹಿರಮ್ಮ, ನಂಗೆ ಓದಕ್ಕೆ ಬರಾಕಿಲ್ಲ. ಇದು ನಮ್ ಎಸ್ಟೇಟ್ ಚೀಟಿ ಅಂತ ಈ ಹಣ್ಣು ನೋಡೇ ಗೊತ್ತಾಗೋದು. ನಮ್ಮಕ್ಕಂಗೂ ಓದಕ್ಕೆ ಬರಾಕಿಲ್ಲ ಕಣವ್ವ.”

ಆಮೇಲೆ ವಿಷಯ ಹೊರಬಿತ್ತು. ಅಕ್ಕ ಕೆಂಚಮ್ಮ ಇರುವುದು ಕೆ. ಹೊಸಕೋಟೆಯಲ್ಲಿ. ತಾಯಿಯ ತಿಥಿಯ ದಿನ ಮಾತಿಗೆ ಮಾತು ಬೆಳೆದು, ಮಾದೇವಮ್ಮ ಎಲ್ಲರೆದುರು “ನೀನು ನಂಗೆ ಮಾಡಿರೋದಾದ್ರೂ ಏನು?” ಅಂದುಬಿಟ್ಟಿದ್ದಳು. ಅಂದಿನಿಂದ ಅಕ್ಕನ ಬಾಗಿಲು ಮುಚ್ಚಿತು. ಈಗ ಮಗಳು ನವ್ಯಶ್ರೀಯ ಮದುವೆಗೆ ಕರೆಯಲು ಅರಿಸಿನ ಕುಂಕುಮ ಹಿಡಿದು ಹೋದವಳು ಅಂಗಳದಿಂದಲೇ ವಾಪಸು ಬಂದಿದ್ದಳು. ದೊಡ್ಡಮ್ಮ ಇಲ್ಲದ ಚಪ್ಪರದಲ್ಲಿ ಮಗಳನ್ನು ಹೇಗೆ ಧಾರೆ ಎರೆದುಕೊಡಲಿ ಎಂಬುದೇ ಅವಳ ಸಂಕಟ.

“ಬರೀ ಅಕ್ಷರ ಇದ್ರೆ ಯಾರ ಕೈಲೂ ಓದುಸ್ದೆ ಒಲೆಗೆ ಹಾಕ್ಬುಡ್ತಾಳೆ. ಅವಳ ಕಣ್ಣಿಗೆ ನಾನೂ ಕಾಣ್ಬೇಕು, ಅವಳೂ ಕಾಣ್ಬೇಕು.”

ಎಂಥ ಚಿತ್ರ ಎಂದು ಕೇಳಿದೆ. ಅವರು ಸಣ್ಣವರಿದ್ದಾಗ ಮನೆಯಲ್ಲಿದ್ದದ್ದು ಒಂದೇ ಗೊರಬು, ಮಳೆಗೆ ತಲೆಯ ಮೇಲೆ ಹಾಕಿಕೊಳ್ಳಲು ಬಿದಿರು, ಎಲೆ ಸೇರಿಸಿ ಹೆಣೆದದ್ದು. ನಾಟಿಗದ್ದೆಗೆ ಇಬ್ಬರೂ ಅದರಡಿಯಲ್ಲೇ ಹೋಗುತ್ತಿದ್ದರಂತೆ. ಅಕ್ಕ ಎಡಚಿ. ಎಡಗೈಯಲ್ಲಿ ಅದನ್ನು ತಂಗಿಯ ತಲೆಯ ಮೇಲೆ ಎತ್ತಿ ಹಿಡಿದು ತಾನು ಅರ್ಧ ನೆನೆಯುತ್ತಿದ್ದಳು.

“ಅವತ್ತು ತಿಥಿ ದಿನ ಹೇಳ್ಬೇಕಾಗಿದ್ದು ಇದು. ಬಾಯಿಗೆ ಬಂದಿದ್ದು ಬ್ಯಾರೆ” ಎಂದು ಕಣ್ಣೊರೆಸಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

ಚಿತ್ರದ ಅಚ್ಚಿಗೆ ಸತುವಿನ ಬ್ಲಾಕ್ ಮಾಡಿಕೊಡುತ್ತಿದ್ದವರು ಅಂಗಡಿ ಮುಚ್ಚಿದ ಮೇಲೆ ನಾನೇ ಮರ ಕೆತ್ತಲು ಕಲಿತವಳು. ಕಿತ್ತೆಸೆದ ಹಳೇ ಕಾಫಿ ಗಿಡದ ಬೊಡ್ಡೆ ನನಗೆ ಇಷ್ಟ. ಗಟ್ಟಿ ಮರ, ಆದರೆ ಉಳಿಗೆ ಎದುರು ಮಾತಾಡುವುದಿಲ್ಲ. ಬೇಡದ್ದನ್ನೆಲ್ಲ ಕೆತ್ತಿ ತೆಗೆದು, ಮಸಿ ಹತ್ತಬೇಕಾದ ಗೆರೆಯನ್ನಷ್ಟೇ ಉಬ್ಬಾಗಿ ಉಳಿಸಬೇಕು. ಬ್ಲಾಕು ಪಕ್ಕದ ಅಕ್ಷರದ ಮೊಳೆಗಳಷ್ಟೇ ಎತ್ತರ ಇರಬೇಕು. ಕುಳ್ಳಾದರೆ ಅಡಿಗೆ ಕಾಗದ ಕೊಟ್ಟು ಎಬ್ಬಿಸಬೇಕು. ಅಷ್ಟೆಲ್ಲ ಜೋಪಾನದಿಂದ ಮಾಡಿದೆ. ವರ್ಷದ ಅಂತರದ ಅಕ್ಕತಂಗಿಯರು, ಒಂದೇ ಎತ್ತರ, ಒಂದೇ ಥರದ ಲಂಗ. ಅಕ್ಕ ಯಾರೆಂದು ಹೇಳುವುದು ಆ ಕೈ ಒಂದೇ. ಮೊದಲ ಪ್ರತಿ ನೋಡಿ ಮಾದೇವಮ್ಮ ಅತ್ತಳು. ಅಳುವ ಕಣ್ಣಿಗೆ ಎಡ ಬಲ ಕಾಣುತ್ತದೆಯೇ? ಕಾರ್ಡು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೆ. ಹೊಸಕೋಟೆಗೆ ಹೋಯಿತು.

ಆ ವಾರವೇ ಒಂದು ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುತ್ತಿದ್ದಂತೆ ನಡುವಯಸ್ಸು ದಾಟಿದ ಹೆಂಗಸೊಬ್ಬಳು ನುಗ್ಗಿ ಬಂದು ಕಾರ್ಡನ್ನು ನನ್ನ ಮುಖಕ್ಕೆ ಹಿಡಿದಳು. ಕೆಂಚಮ್ಮನೇ ಎಂದು ಬೇರೆ ಹೇಳಬೇಕಾಗಿರಲಿಲ್ಲ.

“ಕಂಡಕ್ಟರ್ ನಿನ್ ಅಂಗಡಿ ತೋರುಸ್ದ. ಇದ್ನ ಮಾಡ್ದೋಳು ನೀನೇ ಏನವ್ವ? ಗೊರಬು ಹಿಡ್ದಿರೋಳು ಯಾರು?”

“ಅಕ್ಕ.”

“ಯಾವ ಕೈ?”

ನೋಡಿದೆ. ಬಲಗೈ. ಹಾಳೆಯ ಮೇಲೆ ಚಿತ್ರ ಸರಿಯಾಗಿ ಬರಬೇಕಾದರೆ ಮರದ ಮೇಲೆ ಅದನ್ನು ಕನ್ನಡಿಯೊಳಗಿನ ಹಾಗೆ ತಿರುವಿ ಕೆತ್ತಬೇಕು. ಅಕ್ಷರ ತಿರುವುಮುರುವಾದರೆ ದಾರಿಹೋಕನೂ ಹೇಳುತ್ತಾನೆ; ಚಿತ್ರ ತಿರುವುಮುರುವಾದರೂ ಚಿತ್ರವೇ. ಮಾದೇವಮ್ಮ ಹೇಳಿದ್ದನ್ನು ಹೇಳಿದ ಹಾಗೇ ನೆಟ್ಟಗೆ ಕೆತ್ತಿಬಿಟ್ಟಿದ್ದೆ. ಕಾರ್ಡಿನಲ್ಲಿ ಈಗ ಗೊರಬು ಹಿಡಿದವಳು ತಂಗಿ, ಅದರಡಿ ಬೆಚ್ಚಗೆ ನಿಂತವಳು ಅಕ್ಕ.

“ಎಡಗೈಲಿ ಉಣ್ಬ್ಯಾಡ ಅಂತ ಅವ್ವನ ಕೈಲಿ ಏಟು ತಿಂದೋಳು ನಾನು. ಏನು ಮಾಡಿದ್ದೀಯ ಅಂದ್ಲು, ನುಂಗ್ಕೊಂಡೆ. ಈಗ ಅವಳೇ ನಂಗೆ ಗೊರಬು ಹಿಡಿದ್ಲಂತೆ! ಅದ್ನ ಊರೋರ್ಗೆಲ್ಲ ಹಂಚ್ತಾಳಂತೆ!”

“ತಪ್ಪು ನಂದು ಕಣಮ್ಮ, ಅವಳದ್ದಲ್ಲ” ಎಂದೆ. ನಂಬಲಿಲ್ಲ. ಬ್ಲಾಕನ್ನೇ ತಂದು ಕೈಗೆ ಕೊಟ್ಟೆ. ಮರದ ಮೇಲಿನ ಹುಡುಗಿ ಎಡಗೈಯಲ್ಲೇ ಹಿಡಿದಿದ್ದಳು. “ಅವಳು ನಂಗೆ ಹೇಳಿದ್ದು ಇದು. ಅಕ್ಕ ನಂಗೆ ಗೊರಬು ಹಿಡ್ದು ತಾನು ಅರ್ಧ ನೆನೀತಿದ್ಲು, ಅವತ್ತು ಹೇಳ್ಬೇಕಾಗಿದ್ದು ಇದೇ ಅಂತ ಅತ್ಲು. ಅಚ್ಚಿನಲ್ಲಿ ಉಲ್ಟಾ ಮಾಡ್ದೋಳು ನಾನು.”

ಕೆಂಚಮ್ಮ ಮರದ ಮೇಲೆ ಬೆರಳಾಡಿಸಿದಳು. ಗೆರೆಯ ಮಸಿ ಬೆರಳಿಗೆ ಹತ್ತಿತು. ದನಿ ಇಳಿದಿತ್ತು.

“ನಾನು ನೆನೀತಿದ್ದೆ ಅಂತ ಅವಳಿಗೆ ಗೊತ್ತಿತ್ತಾ?”

ನಾನು ಮಾದೇವಮ್ಮನಿಗೆ ಫೋನ್ ಮಾಡಿದೆ. ಹಾನುಬಾಳಿನ ಜೀಪಿನಿಂದ ಇಳಿದವಳು ಒಳಗೆ ಬಂದು ಅಕ್ಕನ ಕಾಲು ಹಿಡಿದುಕೊಂಡಳು. “ಏಳೇ, ಮದ್ವೆ ಮುಂದಿಟ್ಕೊಂಡು ಅಳ್ಬಾರ್ದು” ಎಂದ ಕೆಂಚಮ್ಮನೂ ಅಳುತ್ತಿದ್ದಳು. ಆ ಇಬ್ಬರನ್ನು ನನ್ನ ಬಾಗಿಲಿಗೆ ಕಳಿಸಿದ ದೇವರಿಗೆ ಮನಸ್ಸಿನಲ್ಲೇ ಶುಕ್ರ್ ಎಂದು ಕೃತಜ್ಞತೆ ಹೇಳಿಕೊಂಡೆ.

“ಹೊಸ ಬ್ಲಾಕ್ ಕೆತ್ತಿ ಎಲ್ಲಾ ಕಾರ್ಡೂ ಸರಿಯಾಗಿ ಹಾಕ್ಕೊಡ್ತೀನಿ” ಎಂದೆ.

ಕೆಂಚಮ್ಮ ಮೂಗೊರೆಸಿಕೊಂಡು ನನ್ನ ಕೈ ಹಿಡಿದಳು.

“ಹಾಕ್ಕೊಡವ್ವ. ಆದ್ರೆ ಮೊದ್ಲೇ ಸರ್ಯಾಗಿ ಮಾಡಿದ್ರೆ ನಾನು ನೋಡಿ, ಅತ್ತು, ಗೋಡೆಗೆ ಸಿಕ್ಕುಸಿ ಸುಮ್ಕೆ ಕೂತಿರ್ತಿದ್ದೆ. ತಪ್ಪಾಗಿತ್ತಲ್ಲ, ಜಗಳ ಆಡಕ್ಕೆ ಅಂತ ಬಸ್ ಹತ್ಬುಟ್ಟೆ. ನಿನ್ ಹೊಟ್ಟೆ ತಣ್ಣಗಿರ್ಲಿ.”