ಕಾಣಿಸ್ತು ಅಂದದ್ದು

ಔಷಧಿ ಅಂಗಡಿಯ ಕೆಲಸ ಬಿಟ್ಟು, ನಲವತ್ತೈದು ದಾಟಿದ ಮೇಲೆ ಆಕೆ ಜೀವಶಾಸ್ತ್ರ ಓದಲು ಕಾಲೇಜು ಸೇರಿದಳು. ಸಂಶೋಧನೆ ಮಾಡಬೇಕೆನ್ನುವುದು ಹುಡುಗಿಯಾಗಿದ್ದಾಗಿನ ಆಸೆ. ಆಕೆಗಿಂತ ಹೆಚ್ಚು ಹಿಗ್ಗಿದವನು ಗಂಡ. ಅವನದು ಕ್ಷೌರದ ಅಂಗಡಿ. ಕುರ್ಚಿಯಲ್ಲಿ ಕೂತವರಿಗೆಲ್ಲ, ಕತ್ತಿ ಗಂಟಲ ಮೇಲಿರುವಾಗಲೇ, "ನಮ್ಮನೆಯವಳು ವಿಜ್ಞಾನಿ ಆಗ್ತಾಳೆ" ಅನ್ನುತ್ತಿದ್ದ. ಯಾರೂ ಎದುರಾಡುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಆಕೆಗೆ ಕಂಡದ್ದು ಬರೀ ಮಂಜು, ಅದರೊಳಗೆ ತನ್ನದೇ ರೆಪ್ಪೆಗೂದಲು. ಸುತ್ತಲಿನ ಹುಡುಗಿಯರು "ಅಬ್ಬಾ, ಎಷ್ಟು ಚೆನ್ನಾಗಿದೆ!" ಅನ್ನುತ್ತಿದ್ದರು.

"ಈರುಳ್ಳಿ ಬೇರಲ್ಲಿ ಎರಡಾಗ್ತಿರೋ ಕೋಶ ಕಾಣಿಸ್ತಾ ಅಮ್ಮ?" ಎಂದು ಮೇಷ್ಟ್ರು ಕೇಳಿದರು. ಆಕೆಯ ಕೊನೆಯ ತಮ್ಮನ ವಯಸ್ಸಿನವರು.

"ಕಾಣಿಸ್ತು ಸರ್."

"ಹಾಗಾದ್ರೆ ಒಂದನ್ನ ಸರಿಯಾಗಿ ಮಧ್ಯಕ್ಕೆ ತನ್ನಿ, ಎಲ್ಲರೂ ನೋಡ್ಲಿ."

ಗಾಜಿನ ಪಟ್ಟಿಯನ್ನು ಅಂದಾಜಿನ ಮೇಲೆ ಸರಿಸಿ ಪಕ್ಕಕ್ಕೆ ನಿಂತಳು. ಮೊದಲು ಬಗ್ಗಿ ನೋಡಿದ ಹುಡುಗಿ ಕಿಸಕ್ಕನೆ ನಕ್ಕಳು. "ಸರ್, ಇದು ಗಾಳಿಗುಳ್ಳೆ!" ತರಗತಿಯೇ ನಕ್ಕಿತು. ಮೇಷ್ಟ್ರು ನಗಲಿಲ್ಲ, ಅದೇ ಆಕೆಗೆ ಹೆಚ್ಚು ಚುಚ್ಚಿತು.

ಮರುದಿನದಿಂದ ಆಕೆ ಕಾಲೇಜಿಗೆ ಹೋಗಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟು, ರೈಲು ನಿಲ್ದಾಣದ ಬೆಂಚಿನಲ್ಲಿ ಕೂತು, ಸಂಜೆ ಮನೆಗೆ ಬರುತ್ತಿದ್ದಳು. ಗಂಡ "ಇವತ್ತೇನು ನೋಡ್ದೆ?" ಅಂದರೆ ಪುಸ್ತಕದಲ್ಲಿದ್ದ ಏನನ್ನೋ ಹೇಳುತ್ತಿದ್ದಳು. ಅವನು ಕಣ್ಣರಳಿಸಿ ಕೇಳುತ್ತಿದ್ದ.

ಒಂದು ಭಾನುವಾರ ಅದೇ ಮೇಷ್ಟ್ರು ಅವನ ಕುರ್ಚಿಯಲ್ಲಿ ಬಂದು ಕೂತರು. ಅವನು ಎಂದಿನ ಮಾತು ಶುರುಮಾಡಿದ, ಈ ವಯಸ್ಸಲ್ಲಿ ಕಾಲೇಜು ಸೇರಿದ್ದನ್ನೂ ಹೇಳಿದ. ಕನ್ನಡಿಯಲ್ಲೇ ಅವನನ್ನು ನೋಡುತ್ತ ಮೇಷ್ಟ್ರು ಕೇಳಿದರು: "ಅವರು ನಿಮ್ಮ ಮನೆಯವರಾ? ಎರಡು ವಾರದಿಂದ ಬಂದೇ ಇಲ್ಲವಲ್ಲ?"

ಕಾಯುತ್ತ ಕೂತಿದ್ದ ಗಿರಾಕಿಗಳು ಪತ್ರಿಕೆಯಿಂದ ತಲೆಯೆತ್ತಿದರು.

"ಜ್ವರ ಸರ್," ಅಂದ ಗಂಡ.

ಮಧ್ಯಾಹ್ನ ಊಟಕ್ಕೆ ಬಂದವನು ಬೈಯಲಿಲ್ಲ, ಕೈ ತೊಳೆಯುತ್ತಲೇ ಹೇಳಿದ: "ನಿಮ್ಮ ಮೇಷ್ಟ್ರು ಅಂಗಡಿಗೆ ಬಂದಿದ್ರು. ಎಲ್ಲರೆದುರು ನಿಂಗೆ ಜ್ವರ ಅಂತ ಹೇಳಿದ್ದೀನಿ. ನಾಳೆ ಹೊತ್ತಿಗೆ ಇಳಿದಿರ್ಲಿ."

ಆಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಸುಳ್ಳಿಗೆ ಅವನನ್ನೂ ಎಳೆದಿದ್ದಳು, ಅದೂ ಅವನ ಗಿರಾಕಿಗಳೆದುರು.

ಸೋಮವಾರ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತು, "ಜ್ವರ ಇರ್ಲಿಲ್ಲ ಸರ್. ಅವತ್ತು ನಂಗೇನೂ ಕಂಡಿರ್ಲಿಲ್ಲ," ಅಂದಳು.

ಅವರು ಪ್ರಯೋಗಾಲಯಕ್ಕೆ ಕರೆದೊಯ್ದು, ಸೂಕ್ಷ್ಮದರ್ಶಕದಲ್ಲಿ ಎಡಗಣ್ಣಿಡುವ ಕಡೆಯ ಸಣ್ಣ ಉಂಗುರ ತೋರಿಸಿದರು. "ಅವರವರ ಕಣ್ಣಿಗೆ ತಕ್ಕ ಹಾಗೆ ಇದನ್ನ ತಿರುಗಿಸ್ಕೋಬೇಕು. ನಾನು ಹೇಳ್ಬೇಕಿತ್ತು. ನೀವೂ ಕೇಳ್ಬೇಕಿತ್ತು."

ತಿರುಗಿಸಿದಳು. ಮಂಜು ಸರಿಯಿತು. ಒಂದು ಕೋಶದೊಳಗೆ ನೇರಳೆ ದಾರದ ತುಣುಕುಗಳು ಎರಡು ಕಡೆಗೆ ಸರಿಯುತ್ತ ನಿಂತುಬಿಟ್ಟಿದ್ದವು. ಖುಷಿಯಾಯಿತು, ಆದರೂ ತಲೆಯೆತ್ತಿ ಮೇಷ್ಟ್ರ ಮುಖ ನೋಡಲಾಗಲಿಲ್ಲ.

ವರ್ಷಗಳ ಮೇಲೆ, ಬೇರುಗಳ ಕುರಿತ ತನ್ನ ಸಂಶೋಧನೆಯನ್ನು ಹಿರಿಯ ವಿಜ್ಞಾನಿಗಳ ಸಭೆಯ ಮುಂದಿಟ್ಟಾಗ ಯಾರೋ ಒಂದು ಪ್ರಶ್ನೆ ಎಸೆದರು. ಗೊತ್ತಿದ್ದವಳಂತೆ ತಲೆಯಾಡಿಸಿಬಿಡೋಣ ಅನ್ನಿಸಿತು.

"ಗೊತ್ತಿಲ್ಲ," ಅಂದಳು.