ಮಿಡಿಗೇಶಿ ಕ್ಯಾರಿಯರ್

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಸವಮ್ಮ ಮಿಡಿಗೇಶಿಯಲ್ಲಿ ಬಸ್ಸಿಳಿದು ಕಂಡಕ್ಟರ್ ರೇಣುಕಯ್ಯನ ಹಿಂದೆ ನಡೆಯುತ್ತಿದ್ದಳು. ಅವಳು ನೋಡಲು ಹೊರಟಿದ್ದ ಹೆಂಗಸು ಸತ್ತು ಎಂಟು ಗಂಟೆಯಾಗಿತ್ತು. 1983ರ ಮಾರ್ಚ್, ಮಂಗಳವಾರ. ರೇಣುಕಯ್ಯ ಅವತ್ತು ರಜೆ ಹಾಕಿದ್ದ.

ಬಸವಮ್ಮನ ಒಂದು ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್ ಇತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಸುಕಿನಲ್ಲಿ ರೇಣುಕಯ್ಯ ಸುದ್ದಿ ತಂದ ಕೂಡಲೇ ಎದ್ದು ಅಡುಗೆ ಮಾಡಿದ್ದಳು. ಇನ್ನೊಂದು ಕೈಯಲ್ಲಿ ವಿಭೂತಿ ಗಟ್ಟಿ, ಬಿಲ್ವಪತ್ರೆ, ಒಂದು ಮಾರು ಸೇವಂತಿಗೆ. ಮಧುಗಿರಿಯ ದಿನಸಿ ಅಂಗಡಿಯವರ ಹೆಂಡತಿ ಅವಳು. ಎಂಟು ವರ್ಷ ಈ ಊರಿನ ಒಬ್ಬ ಹೆಂಗಸಿನ ಜೊತೆ ಅಡುಗೆ ಕೊಟ್ಟು ತೆಗೆದುಕೊಂಡು ಮಾಡಿದ್ದಳು. ಮುಖ ನೋಡಿರಲಿಲ್ಲ.

ರೇಣುಕಯ್ಯ ಮಠದ ಬೀದಿಯನ್ನು ದಾಟಿ ಮುಂದೆ ಹೋದ.

"ಶಿವರುದ್ರಮ್ಮೋರ ಮನೆ ಇಲ್ಲಲ್ವೇನಪ್ಪಾ? ನಮ್ಮೋರ ಬೀದಿ ಇದೇ ತಾನೆ?"

"ಇನ್ನೂ ಸ್ವಲ್ಪ ದೂರ, ಅಮ್ಮ."

"ಇನ್ನೆಷ್ಟು ದೂರ? ಊರೇ ಮುಗೀತಲ್ಲ."

ಅವನು ನಡೆಯುತ್ತಲೇ ಇದ್ದ. ಜಾಲಿಮುಳ್ಳಿನ ಬೇಲಿ, ಕುರಿರೊಪ್ಪ, ಹದಿನೈದಿಪ್ಪತ್ತು ಗುಡಿಸಲು. ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಹೆಣ ಮಲಗಿಸಿದ್ದರು. ಸುತ್ತ ಹೆಂಗಸರು ಕೂತಿದ್ದರು. ಬಸವಮ್ಮ ಬೇಲಿಯ ಹತ್ತಿರವೇ ನಿಂತಳು. ಅವಳ ಜನ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ.

"ಇದು ಗೊಲ್ಲರಹಟ್ಟಿ."

"ಹೂಂ ಅಮ್ಮ."

"ಇಲ್ಲಿಗ್ಯಾಕೆ ಕರಕೊಂಡು ಬಂದೆ?"

"ಇವರೇ ಅಮ್ಮ ಅದು. ಕ್ಯಾತಮ್ಮ ಅಂತ." ರೇಣುಕಯ್ಯ ನೆಲ ನೋಡಿಕೊಂಡು ಹೇಳಿದ. "ಶಿವರುದ್ರಮ್ಮ ಅನ್ನೋರು ಯಾರೂ ಇಲ್ಲ. ಅದು ನಮ್ಮವ್ವನ ಹೆಸ್ರು."

*

1975ರ ಜನವರಿಯಲ್ಲಿ ಕ್ಯಾತಮ್ಮನ ಮಗಳಿಗೆ ಜ್ವರ ಬಂದು, ಆಸ್ಪತ್ರೆಗೆ ಒಯ್ಯಲು ರೇಣುಕಯ್ಯ ಹತ್ತು ನಿಮಿಷ ಬಸ್ಸು ನಿಲ್ಲಿಸಿಕೊಂಡಿದ್ದ. ಮಾರನೆಯ ವಾರ ಕ್ಯಾತಮ್ಮ ಅವನ ಕೈಗೊಂದು ಬುತ್ತಿ ಕೊಟ್ಟಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಅವನು ಅದನ್ನು ದಿನಸಿ ಅಂಗಡಿಯ ಜಗಲಿಯಲ್ಲಿ ಬಿಚ್ಚಿದ.

"ಏನೋ ಅದು, ಒಳಗಿನ ತನಕ ಘಮ್ಮಂತಿದೆ?" ಎಂದು ಬಸವಮ್ಮ ಹೊರಗೆ ಬಂದಳು. ಜಂಗಮ ಅಯ್ಯನವರ ಮನೆಯ ಹುಡುಗನ ಬುತ್ತಿ ಎಂದು ಹಿಂದೆಮುಂದೆ ನೋಡದೆ ಒಂದು ತುತ್ತು ತೆಗೆದುಕೊಂಡಳು. ಎರಡನೆಯದನ್ನೂ ತೆಗೆದುಕೊಂಡಳು. ಆಮೇಲೆ ಕೇಳಿದಳು:

"ಯಾರ ಮನೇದು?"

ಅವಳು ನುಂಗಿ ಆಗಿತ್ತು. ರೇಣುಕಯ್ಯನ ಬಾಯಿಗೆ ಬಂದದ್ದು ಸತ್ತುಹೋಗಿದ್ದ ತಾಯಿಯ ಹೆಸರು.

"ಮಿಡಿಗೇಶಿ ಶಿವರುದ್ರಮ್ಮನವರದು."

"ನಮ್ಮೋರೇ ಬಿಡು. ಹುಚ್ಚೆಳ್ಳು ಹೆಂಗೆ ಹುರೀತಾರೆ ಕೇಳ್ಕೊಂಡು ಬಾ. ನಾನು ಹುರಿದ್ರೆ ಕಹಿ ಬರುತ್ತೆ."

ಮಾರನೆಯ ದಿನ ಅವನು ಉತ್ತರ ತಂದ. ತೊಳೆದು ಬಿಸಿಲಿಗೆ ಹಾಕಬೇಕು. ಸಣ್ಣ ಉರಿಯಲ್ಲಿ ಹುರಿಯಬೇಕು. ಚಟಪಟ ಅನ್ನುವುದು ನಿಲ್ಲುವ ಮುಂಚೆ ಇಳಿಸಬೇಕು, ನಿಂತರೆ ಕಹಿ. ಬಸವಮ್ಮ ಕಾಯಿ ಒಬ್ಬಟ್ಟು ಕಟ್ಟಿ ಕಳಿಸಿದಳು. ಕ್ಯಾತಮ್ಮ ಹುಣಸೆ ಚಿಗುರಿನ ಸಾರು ಕಳಿಸಿ, ಚಿಗುರನ್ನು ಬಿಸಿಲೇರುವ ಮುಂಚೆ ಕೀಳಬೇಕು ಎಂದು ಹೇಳಿ ಕಳಿಸಿದಳು. ಒಬ್ಬಟ್ಟಿನ ಕಣಕ ಹರಿಯದಂತೆ ಮಾಡುವುದು ಹೇಗೆಂದು ಅವಳು ಕೇಳಿದರೆ, ಎಣ್ಣೆಯಲ್ಲಿ ಎರಡು ತಾಸು ನೆನೆಸು ಎಂಬ ಉತ್ತರ ಸಂಜೆಯ ಬಸ್ಸಿಗೆ ಬರುತ್ತಿತ್ತು. ರೇಣುಕಯ್ಯ ಮರೆಯಬಾರದೆಂದು ಟಿಕೆಟ್ ಹರಿಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ದಿನಾ ಓಡಾಡುವವರಿಗೂ ಬಸ್ಸಾರಿನ ಅಳತೆ ಬಾಯಿಪಾಠವಾಗಿತ್ತು.

ಪ್ರತಿ ಶುಕ್ರವಾರ ಮಧ್ಯಾಹ್ನ ಬಸವಮ್ಮನ ಮನೆಗೆ ಐದು ಜನ ಗೆಳತಿಯರು ಬರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕು, ಮಾಡಿದ ಬಗೆ ಹೇಳಬೇಕು. ಮಿಡಿಗೇಶಿ ಕ್ಯಾರಿಯರ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಎರಡು ವರ್ಷದಲ್ಲಿ ಮಧುಗಿರಿಯ ಹತ್ತಾರು ಮನೆಗಳಲ್ಲಿ ಹುಣಸೆ ಚಿಗುರಿನ ಸಾರಿಗೆ "ಶಿವರುದ್ರಮ್ಮನ ಸಾರು" ಎಂದೇ ಹೆಸರಾಯಿತು.

*

"ಎಂಟು ವರ್ಷ ಕಣೋ," ಬಸವಮ್ಮ ಬೇಲಿ ಬಿಟ್ಟು ಕದಲದೆ ಹೇಳಿದಳು. "ಲಿಂಗಪೂಜೆ ಮಾಡೋ ಬಾಯಿ ಇದು. ಅಯ್ಯನೋರ ಮನೇಲಿ ಹುಟ್ಟಿ ಇಂಥ ಕೆಲಸ ಮಾಡಿದ್ಯಲ್ಲೋ. ಮಾಂಸ ಬೇಯ್ಸಿದ ಮಡಕೇಲಿ ಮಾಡಿದ್ದು ನಂಗೆ ತಿನ್ನಿಸಿದ್ಯಲ್ಲೋ."

"ನಿಮ್ಮದಕ್ಕೇ ಅಂತ ಬೇರೆ ಮಡಕೆ ಇಟ್ಟಿದ್ಲು ಅಮ್ಮ. ಅದರಲ್ಲಿ ಬೇರೆ ಏನೂ ಮಾಡ್ತಿರಲಿಲ್ಲ."

ಹೆಣದ ಪಕ್ಕ ಕೂತಿದ್ದ ಮುದುಕಿ ಕೆಂಚಮ್ಮ ಎಲೆಅಡಿಕೆ ಉಗಿದು ಹೇಳಿದಳು: "ಬುಡು ಕಣಮ್ಮ. ಎಂಟು ವರ್ಸದ್ದನ್ನ ಈಗ ಎಲ್ಲಿ ಅಂತ ಕಕ್ಕೀಯ?"

ಯಾರೋ ನಕ್ಕರು. ಕ್ಯಾತಮ್ಮನ ಮಗಳು ಪುಟ್ಟಕ್ಕ ನಗಲಿಲ್ಲ. ಎದ್ದು ಬಂದು ರೇಣುಕಯ್ಯನ ಎದುರು ನಿಂತಳು.

"ಸಿವರುದ್ರಮ್ಮ ಅಂದ್ರೆ ಯಾರು?"

ಅವನು ಹೇಳಿದ. ಎಲ್ಲವನ್ನೂ ಹೇಳಿದ.

"ಅಂಗಾದ್ರೆ 'ಕ್ಯಾತಕ್ಕ, ಮಧುಗಿರೀಲಿ ನಿನ್ನ ಹೆಸ್ರು ಹೇಳ್ಕಂಡು ಉಣ್ತಾರೆ' ಅಂತ ನಮ್ಮವ್ವಂಗೆ ಬಂದು ಹೇಳ್ತಿದ್ದೆಯಲ್ಲ, ಅದು?"

ರೇಣುಕಯ್ಯ ಹೆಣದ ಕಡೆ ನೋಡಿದ.

"ಹೇಳು. ಯಾರ ಹೆಸ್ರು ಹೇಳ್ಕಂಡು ಉಂಡ್ರು?"

"ಲೇ ಪುಟ್ಟಿ," ಸೋದರಮಾವ ಜುಂಜಪ್ಪ ಕೂಗಿದ, "ಹೆಣ ಮುಂದಿಟ್ಕಂಡು ಜಗಳ ಬ್ಯಾಡ. ಗುಂಡಿ ತೋಡಿ ಆಗೈತೆ."

"ಇವತ್ತು ಬ್ಯಾಡ ಅಂದ್ರೆ ಯಾವತ್ತು ಮಾವ? ಅವಳ ಹೆಸ್ರು ಇವ್ನು ಇನ್ನೊಬ್ಬಳಿಗೆ ಕೊಟ್ಟವ್ನೆ. ಅಂಗೇ ಮಣ್ಣು ಹಾಕ್ಬೇಕಾ?"

*

ಮೂರು ವರ್ಷದ ಹಿಂದೆ, ಶಿವರಾತ್ರಿಗೆ ಮುಂಚಿನ ಶುಕ್ರವಾರ, ಕ್ಯಾತಮ್ಮ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಕ್ಯಾರಿಯರ್.

"ಎಲ್ಲಿಗೆ ಕ್ಯಾತಕ್ಕ?" ರೇಣುಕಯ್ಯ ಗಾಬರಿಯಾಗಿ ಕೇಳಿದ.

"ಬಸವಮ್ಮೋರ್ನ ನೋಡ್ಬೇಕು ಕಣ್ ಕಂಡಕ್ಟ್ರಪ್ಪ. ಒಳಕ್ಕೆ ಹೋಗಾಕಿಲ್ಲ, ನಂಗೂ ಗೊತ್ತು. ಜಗಲಿ ಕೆಳಗೆ ನಿಂತ್ಕಂಡು ಉಣ್ಣೋದು ನೋಡ್ಕಂಡು ಬತ್ತೀನಿ."

ಮಧುಗಿರಿ ಬರುವ ತನಕ ಅವನು ಟಿಕೆಟ್ ಹರಿಯುತ್ತಲೇ ಇದ್ದ. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಅಂಗಡಿಯ ಕಡೆ ಹೋಗಿ ಬಂದಂತೆ ಮಾಡಿ ಹೇಳಿದ:

"ಅವರು ತುಮಕೂರಿಗೆ ಹೋಗವ್ರೆ ಕ್ಯಾತಕ್ಕ. ನಾಳಿದ್ದು ಬರೋದು."

ಕ್ಯಾತಮ್ಮ ಕ್ಯಾರಿಯರನ್ನು ಅವನ ಕೈಗೆ ಕೊಟ್ಟಳು. ತಿರುಗಿ ಹೋಗುವ ಬಸ್ಸು ಮೂರು ಗಂಟೆಗೆ. ತಾಯಿ ಮಗಳು ಅಲ್ಲಿಯವರೆಗೆ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತರು. ದಿನಸಿ ಅಂಗಡಿ ಅಲ್ಲಿಗೆ ಮೂರು ನಿಮಿಷದ ದಾರಿ.

*

ಪುಟ್ಟಕ್ಕ ಬಸವಮ್ಮನ ಕಡೆ ತಿರುಗಿದಳು.

"ಅಮ್ಮಾರೆ, ಮೂರು ವರ್ಸದ ಹಿಂದೆ, ಸಿವರಾತ್ರಿ ಹಿಂದ್ಲ ಸುಕ್ರವಾರ ನೀವು ತುಮಕೂರಿಗೆ ಹೋಗಿದ್ರಾ?"

"ಇಲ್ಲ. ಶುಕ್ರವಾರ ನಾನು ಎಲ್ಲಿಗೂ ಹೋಗಲ್ಲ."

ಪುಟ್ಟಕ್ಕ ರೇಣುಕಯ್ಯನ ಕೆನ್ನೆಗೆ ಹೊಡೆದಳು. ಯಾರೂ ತಡೆಯಲಿಲ್ಲ. ಅವನೂ ಕೈ ಅಡ್ಡ ತರಲಿಲ್ಲ.

"ಅವ್ವ ನಾಕು ತಾಸು ಬೆಂಚಿನ ಮ್ಯಾಲೆ ಕೂತಿದ್ಲು," ಪುಟ್ಟಕ್ಕ ಬಸವಮ್ಮನಿಗೆ ಹೇಳಿದಳು. "ಪಾಪ, ಮನೇಲಿಲ್ಲ, ದೊಡ್ಡ ಮನೆಯೋರಿಗೆ ಓಡಾಟ ಇರ್ತದೆ, ಅಂದ್ಲು."

ಬಸವಮ್ಮ ಬೇಲಿಯ ಹತ್ತಿರದಿಂದ ಮರದ ಕೆಳಗೆ ಬಂದು ಮೊದಲ ಸಲ ಆ ಮುಖ ನೋಡಿದಳು. ಸಣ್ಣ ಮುಖ. ಬಲಗೈ ತೋರುಬೆರಳಿನ ತುದಿಯಲ್ಲಿ ಹಳೆಯ ಸುಟ್ಟ ಕಲೆ ಇತ್ತು. ಅವಳ ಬೆರಳಿನಲ್ಲೂ ಅದೇ ಜಾಗದಲ್ಲಿ ಅಂಥದೇ ಕಲೆ ಇತ್ತು. ಕಾವಲಿಯ ಬಿಸಿ ನೋಡುವವರಿಗೆಲ್ಲ ಇರುವಂಥದು.

ಹೆಣ ಎತ್ತುವ ಮುಂಚೆ ಒಬ್ಬೊಬ್ಬರೇ ಬಾಯಿಗೆ ಅಕ್ಕಿ ಹಾಕುತ್ತಿದ್ದರು. ಬಸವಮ್ಮ ಕೈ ಚಾಚಿದಳು. ಪುಟ್ಟಕ್ಕ ಅಕ್ಕಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹೆಸ್ರು ಹೇಳಿ ಹಾಕಿ."

ಬಸವಮ್ಮ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಕ್ಯಾತಮ್ಮ," ಎಂದಳು.

"ಇಲ್ಲಿ ಹೇಳೋದು ದೊಡ್ಡದಲ್ಲ. ಸುಕ್ರವಾರ ನಿಮ್ಮನೇಲಿ ಕೂತ್ಕಳೋರ ಮುಂದೆ ಹೇಳ್ಬೇಕು. ಇಷ್ಟು ದಿನ ಉಂಡಿದ್ದು ಯಾರ ಕೈದು ಅಂತ."

"ಹೇಳ್ತೀನಮ್ಮ."

"ಇವಳ ಮೇಲೆ ಕೈ ಇಟ್ಟು ಹೇಳಿ."

ಬಸವಮ್ಮ ಹೆಣದ ಹಣೆಯ ಮೇಲೆ ಕೈ ಇಟ್ಟು ಹೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ನಿಜವಾದ ನೀರು.

ಹನ್ನೆರಡು ಗಂಟೆಗೆ ಮಣ್ಣಾಯಿತು. ಹಟ್ಟಿಗೆ ತಿರುಗಿ ಬಂದವರು ಬಸವಮ್ಮ ತಂದಿದ್ದ ಊಟ ಉಂಡರು. ಎಣ್ಣೆಗಾಯಿಗೆ ಉಪ್ಪು ಒಂದು ಗುಲಗಂಜಿ ಕಡಿಮೆ ಎಂದು ಕೆಂಚಮ್ಮ ಹೇಳಿದಳು. ಬಸವಮ್ಮ ಅಲ್ಲಿ ನೀರನ್ನೂ ಮುಟ್ಟದೆ ಒಂದು ಗಂಟೆಯ ಬಸ್ಸಿಗೆ ಹೋದಳು.

*

ಶುಕ್ರವಾರ ಮಧ್ಯಾಹ್ನ ಪುಟ್ಟಕ್ಕ ತೊಳೆದು ಕಳಿಸಿದ್ದ ಕ್ಯಾರಿಯರನ್ನು ಕೊಡಲು ರೇಣುಕಯ್ಯ ಬಸವಮ್ಮನ ಮನೆಗೆ ಹೋದ. ಐದು ಜನ ನಡುಮನೆಯಲ್ಲಿ ಆಗಲೇ ಕೂತಿದ್ದರು.

"ಮಿಡಿಗೇಶಿದು ಬಂತು ನೋಡ್ರಿ," ವಕೀಲರ ಹೆಂಡತಿ ಕೈ ಚಾಚಿದಳು. "ಇದೇನು, ಖಾಲಿ?"

ಬಸವಮ್ಮ ಬಾಗಿಲಲ್ಲಿ ನಿಂತಿದ್ದ ರೇಣುಕಯ್ಯನನ್ನು ಒಮ್ಮೆ ನೋಡಿದಳು. ಆಮೇಲೆ ಗೆಳತಿಯರ ಕಡೆ ತಿರುಗಿದಳು.

"ಹೇಳೋಕೆ ಮರೆತೆ. ಶಿವರುದ್ರಮ್ಮೋರು ಮಂಗಳವಾರ ಲಿಂಗೈಕ್ಯರಾದ್ರು. ಹೋಗಿ ಬಂದೆ. ಎಲ್ಲಾ ನಮ್ಮ ಪದ್ಧತಿ ಪ್ರಕಾರನೇ ಆಯ್ತು."

"ಅಯ್ಯೋ ಪಾಪ. ಎಂಥ ಕೈ ಅದು."

ಬಸ್ಸು ಹೊರಡಲು ಆರು ನಿಮಿಷವಿತ್ತು. ರೇಣುಕಯ್ಯ ಹೊರಡಲಿಲ್ಲ.

"ಶಿವರುದ್ರಮ್ಮ ಅಲ್ಲ," ಅಂದ. "ಕ್ಯಾತಮ್ಮ. ಗೊಲ್ಲರಹಟ್ಟಿ ಕ್ಯಾತಮ್ಮ. ಎಂಟು ವರ್ಷದಿಂದ ನೀವು ಉಂಡಿದ್ದೆಲ್ಲಾ ಅವಳು ಮಾಡಿದ್ದು. ಈ ಅಮ್ಮಂಗೂ ಗೊತ್ತು."

ವಕೀಲರ ಹೆಂಡತಿ ಎದ್ದು ಹಿತ್ತಲಿಗೆ ಹೋದಳು. ಹಂಡೆಯಿಂದ ನೀರು ಮೊಗೆದು ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಇನ್ನಿಬ್ಬರು ಎದ್ದು ಅವಳ ಹಿಂದೆ ಹೋದರು. ಅವತ್ತಿನ್ನೂ ಎಲೆ ಹಾಕಿರಲಿಲ್ಲ. ಅವರಲ್ಲಿ ಯಾರೂ ಏನೂ ತಿಂದಿರಲಿಲ್ಲ.