ಹಲ್ಲಿನ ಗುರುತಿದ್ದ ಗುಬ್ಬಿ ಎಲೆ

ಸದಾಶಿವನಗರದ ಆ ಮನೆಯ ಊಟದ ಮೇಜಿನ ತುಂಬ ಬೆಳಗಿನಿಂದ ಎಲೆ ಹಾಸಿತ್ತು. ಊಟದ ಎಲೆಯಲ್ಲ, ಆಟದ ಎಲೆ. ಫೋಟೋ ತೆಗೆಯಲು ಬಂದಿದ್ದ ಸಿದ್ದಾರ್ಥ ಲೈಟನ್ನು ಅತ್ತ ಸರಿಸಿದ, ಇತ್ತ ಸರಿಸಿದ, ಕುರ್ಚಿ ಹತ್ತಿ ಇಳಿದ. ಮನೆಯಾಕೆ ರೂಪಶ್ರೀ ಮಾತ್ರ ಕ್ಯಾಮೆರಾದೊಳಗೆ ಇಣುಕಿ ಇಣುಕಿ ಮುಖ ಸಿಂಡರಿಸುತ್ತಿದ್ದಳು.

"ಬಣ್ಣ ಎಷ್ಟ್ ಚೆನ್ನಾಗ್ ಬಂದಿದೆ ನೋಡಿ ಮೇಡಂ."

"ಬಂದಿದೆ ಕಣಪ್ಪ. ಆದ್ರೆ ಅಂಗಡೀಲಿ ಸೀರೆ ಹರಡಿದ ಹಂಗಿದೆ. ಆಟ ಎಲ್ಲಿದೆ ಇದ್ರಲ್ಲಿ?"

ಪಾಪ, ಅವನದೇನು ತಪ್ಪು? ಎಲೆಗಳ ಚಂದವೂ ಕಾಣಬೇಕು, ಆಡುವ ಬಗೆಯೂ ಕಾಣಬೇಕು, ಆಮೇಲೆ ಆಟವನ್ನು ಅಚ್ಚು ಹಾಕಿ ಮಾರುವ ಮಾತು ಎಂದಿದ್ದರು ಆಟಿಕೆ ಕಂಪನಿಯವರು. ಆಡಲು ಇನ್ನೊಬ್ಬರು ಬೇಡವೇ? ಆ ಇನ್ನೊಬ್ಬಳು, ತಂಗಿ ಪಲ್ಲವಿ, ಕುಣಿಗಲ್ಲಿನಿಂದ ಬರಬೇಕಿತ್ತು. ಬರುತ್ತಾಳೋ ಇಲ್ಲವೋ, ಶಿವನೇ ಬಲ್ಲ.

ಎಲೆ ಬರೆದದ್ದು ಅವರಪ್ಪ ಅಡವಿಯಪ್ಪ. ಗುಬ್ಬಿ ಊರಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮನುಷ್ಯ. ಅಜ್ಜಿ ಗಂಗಾಂಬಿಕೆಗೆ ಇಸ್ಪೀಟು ಎಂದರೆ ಮೈಯೆಲ್ಲ ಉರಿ. "ಲಿಂಗ ಕಟ್ಟಿದ ಮನೇಲಿ ಇಸ್ಪೀಟಾ?" ಎಂದು ಇದ್ದ ಕಟ್ಟನ್ನು ನೀರೊಲೆಗೆ ಹಾಕಿದ್ದಳು. ಬೇಸಿಗೆ ರಜ, ಮಕ್ಕಳಿಬ್ಬರದೂ ಒಂದೇ ಅಳು. ಅಪ್ಪ ಹಳೇ ಲಗ್ನಪತ್ರಿಕೆ ಕತ್ತರಿಸಿ, ಬೋರ್ಡಿಗೆ ಬಳಿದು ಉಳಿದ ಬಣ್ಣದಲ್ಲಿ ಬೇರೆಯದೇ ಆಟ ಬರೆದುಕೊಟ್ಟ. ರಾಜನಿಲ್ಲ, ರಾಣಿಯಿಲ್ಲ. ಕುಣಿಗಲ್ ಕುದುರೆ ಎಲ್ಲಕ್ಕಿಂತ ದೊಡ್ಡದು, ಆಮೇಲೆ ಗೂಳೂರು ಗಣಪ, ಕಡಬದ ಕೆರೆ, ಹೀಗೆ. ದೊಡ್ಡ ಎಲೆ ಚಿಕ್ಕದನ್ನು ನುಂಗುತ್ತದೆ. ತೀರಾ ಚಿಕ್ಕದು ಗುಬ್ಬಿ. ಆದರೆ ಅದನ್ನೆಸೆದು "ಗುಬ್ಬಿ ಎಂಜಲು!" ಎಂದು ಕೂಗಿದರೆ, ಎದುರಿನವರು ಗೆದ್ದ ಗುಡ್ಡೆಯಲ್ಲಿ ಅರ್ಧ ಕೊಡಲೇಬೇಕು.

ಮೊದಲ ಸಲ ಆಡಿದಾಗಲೇ ಪಲ್ಲವಿ ಆ ಎಲೆಯನ್ನು ಲಂಗದ ಅಂಚಿನಲ್ಲಿ ಸುತ್ತಿ ಕಟಕ್ಕನೆ ಕಚ್ಚಿಬಿಟ್ಟಳು. ಎಂಜಲಾಗದ ಹಾಗೆ ಬಟ್ಟೆ ಮುಚ್ಚಿ ಕಡ್ಲೆಮಿಠಾಯಿ ಹಂಚಿಕೊಳ್ಳುವುದು ಹಾಗೇ ತಾನೇ? ಅಪ್ಪ ಬೈಯಲಿಲ್ಲ, ಬಿದ್ದು ಬಿದ್ದು ನಕ್ಕ. ಗುಬ್ಬಿಯ ಬಾಲದ ಮೇಲೆ ಹಲ್ಲಿನ ಗುರುತು ಉಳಿಯಿತು.

ಹೋದ ವರ್ಷ ಅಪ್ಪ ತೀರಿಕೊಂಡು, ಗುಬ್ಬಿಯ ಮನೆ ಖಾಲಿ ಮಾಡುವಾಗ ರೂಪಶ್ರೀ ಯಾರನ್ನೂ ಕೇಳದೆ ಆ ಕಟ್ಟನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು. "ನೀನೊಬ್ಳೇ ಮಗಳಾ?" ಎಂದು ಪಲ್ಲವಿ ಗುಬ್ಬಿ ಎಲೆಯನ್ನಷ್ಟೇ ಕಿತ್ತುಕೊಂಡು ಬಸ್ಸು ಹತ್ತಿದವಳು ಅಕ್ಕನ ಹೊಸ್ತಿಲು ತುಳಿದಿರಲಿಲ್ಲ. ಫೋಟೋಗೆ ಆ ಎಲೆ ಬೇಕು ಎಂದು ನೆನ್ನೆ ಫೋನು ಮಾಡಿದರೆ "ನೋಡೋಣ" ಅಂದಿದ್ದಳು, ಅಷ್ಟೇ. ರೂಪಶ್ರೀಗೆ ಬೇಕಿದ್ದದ್ದು ಎಲೆಯೇ? ಅಲ್ಲ, ತಂಗಿ. ಹಾಗಂತ ಹೇಳಲು ಬಾಯಿ ಬರಬೇಕಲ್ಲ!

ಗೇಟು ಕಿರ್ರೆಂದಿತು. ಪಲ್ಲವಿ.

"ಕೂರಲ್ಲ ಕಣೇ ಅಕ್ಕ. ಫೋಟೋ ತೆಗೆಸ್ಕೊಂಡು ನನ್ ಎಲೆ ಕೊಟ್ಬಿಡು, ಹೊರಡ್ತೀನಿ."

ಸಿದ್ದಾರ್ಥ ಅವಳು ಕೊಟ್ಟ ಗುಬ್ಬಿ ಎಲೆಯನ್ನು ಬೆಳಕಿಗೆ ಹಿಡಿದ. "ಇಲ್ಲೇನೋ ಕಚ್ಚಿದಂಗಿದೆ. ಪರವಾಗಿಲ್ಲ, ಕಂಪ್ಯೂಟರ್‌ನಲ್ಲಿ ಅಳಿಸ್ಬಿಡ್ತೀನಿ."

"ಬೇಡ!" ಇಬ್ಬರೂ ಒಟ್ಟಿಗೆ ಕಿರುಚಿದರು. ಕಿರುಚಿದ್ದಕ್ಕೆ ಇಬ್ಬರಿಗೂ ನಗು ಬಂತು. ಬಂದ ನಗುವನ್ನು ಇಬ್ಬರೂ ನುಂಗಿಕೊಂಡರು, ಅದೇನು ಬಿಗುಮಾನವೋ!

"ಒಂದಾಟ ಆಡೋಣ ಬಾರೇ," ಎಂದಳು ರೂಪಶ್ರೀ. "ಫೋಟೋಗೆ."

"ಫೋಟೋಗೆ ಅಷ್ಟೇ," ಎಂದು ಪಲ್ಲವಿ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿದಳು.

ಎಲೆ ಕಲೆಸಿ ಹಂಚಿದ್ದೇ ತಡ, ಕೈಗಳಿಗೆ ಹಳೆಯದೆಲ್ಲ ನೆನಪಾಯಿತು. ಪಟ್ಟೆಂದು ಒಂದು ಬಡಿತ, ಅದರ ಮೇಲೆ ಇನ್ನೊಂದು. ಸಿದ್ದಾರ್ಥ ಉಸಿರು ಬಿಗಿಹಿಡಿದು ಕ್ಲಿಕ್ಕಿಸುತ್ತಲೇ ಇದ್ದ. ಅವನಿದ್ದಾನೆಂಬುದೇ ಅವರಿಗೆ ಮರೆತಿತ್ತು.

"ಅಪ್ಪ ಬೇಕ್ ಬೇಕಂತ್ಲೇ ಸೋಲ್ತಿದ್ರಲ್ವಾ?" ಎಂದಳು ಪಲ್ಲವಿ.

"ಮತ್ತೆ? ಕೈಲಿ ಕುದುರೆ ಇಟ್ಕೊಂಡು ಸೋಲೋರು ಇನ್ಯಾರಿದಾರೆ!"

ರೂಪಶ್ರೀಯ ಗುಡ್ಡೆ ಬೆಳೆಯಿತು. ಕೊನೆಗೆ ಕುದುರೆಯನ್ನೂ ಬಡಿದಳು. ಪಲ್ಲವಿಯ ಕೈಯಲ್ಲಿ ಉಳಿದದ್ದು ಒಂದೇ. ಅದನ್ನು ಮೆಲ್ಲಗೆ ಕುದುರೆಯ ಮೇಲಿಟ್ಟಳು.

"ಗುಬ್ಬಿ ಎಂಜಲು," ಎಂದಳು, ಪಿಸುಮಾತಿನಲ್ಲಿ.

ರೂಪಶ್ರೀಗೆ ಕಣ್ಣು ತುಂಬಿ ಬಂತು. ತನ್ನ ಗುಡ್ಡೆಯನ್ನಷ್ಟೇ ಅಲ್ಲ, ಇಡೀ ಕಟ್ಟನ್ನು ಒಟ್ಟುಮಾಡಿ ಎರಡು ಪಾಲು ಮಾಡಿದಳು. ಒಂದನ್ನು ತಂಗಿಯ ಮುಂದೆ ನೂಕಿದಳು.

"ಆಟ ಮುಗೀತಲ್ಲ ಅಕ್ಕ."

"ಆಟಕ್ಕಲ್ಲ ಕಣೇ. ಮನೆಗ್ ತಗೊಂಡ್ ಹೋಗು. ಆವತ್ತೇ ಕೊಡ್ಬೇಕಿತ್ತು."

"ಅರ್ಧ ಇಟ್ಕೊಂಡು ಏನ್ ಆಡ್ಲಿ?"

"ನಾನೂ ಅರ್ಧ ಇಟ್ಕೊಂಡು ಏನ್ ಆಡ್ಲಿ? ಆಡ್ಬೇಕು ಅನ್ಸಿದಾಗ ಒಬ್ರ ಮನೆಗೆ ಒಬ್ರು ಹೋಗ್ಬೇಕು, ಅಷ್ಟೇ."

ರೂಪಶ್ರೀ ಕುದುರೆಯನ್ನೆತ್ತಿ ತಂಗಿಯ ಪಾಲಿನ ಮೇಲಿಟ್ಟಳು. "ಕುಣಿಗಲ್ಲಿಂದು ಕುಣಿಗಲ್ಲಿಗೆ ಹೋಗ್ಲಿ."

ಪಲ್ಲವಿ ದುಪಟ್ಟಾದಲ್ಲಿ ಮೂಗೊರೆಸಿಕೊಂಡಳು. ಆಮೇಲೆ ಗುಬ್ಬಿ ಎಲೆಯನ್ನು ಅದೇ ದುಪಟ್ಟಾದ ತುದಿಯಲ್ಲಿ ಮುಚ್ಚಿ, ಅಕ್ಕನ ಪಾಲಿನ ಮೇಲಿಟ್ಟಳು.

"ಜೋಪಾನ ಕಣೇ," ಎಂದಳು. "ಅದು ನನ್ ಹಾಲುಹಲ್ಲು."